ಹೆಸರಿಡದ ಅಲೆ

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ:

“ಗುರುಗಳೇ, ಒಬ್ಬನು ಇನ್ನೊಬ್ಬನಿಗೆ ಮಾತು ಕೊಟ್ಟಿದ್ದಾನೆ. ಆ ಮಾತನ್ನು ಉಳಿಸಿಕೊಳ್ಳಲು ಹೋದದ್ದರಿಂದ ಕೇಡಾಯಿತು. ತಪ್ಪು ಯಾರದು? ಮಾತು ಕೊಟ್ಟವನದೋ, ಮಾತು ತೆಗೆದುಕೊಂಡವನದೋ?”

“ಕೇಡಾದದ್ದು ಯಾರಿಗೆ?” ಎಂದು ಗುರುಗಳು ಕೇಳಿದರು.

“ಅದನ್ನು ಹೇಳುವಂತಿಲ್ಲ,” ಎಂದ ಶಿಷ್ಯ. “ಮಾತು ಕೊಟ್ಟಿದ್ದೇನೆ.”

ಗುರುಗಳು ಅವನ ಮುಖವನ್ನು ನೋಡಿದರು.

“ಹಾಗಾದರೆ ನೆಟ್ಟಗೆ ಕುಳಿತುಕೋ. ತಪ್ಪನ್ನು ಹಂಚಿಕೊಡುವುದು ನನ್ನ ಕೆಲಸವಲ್ಲ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳಿದ ಕತೆ ಇದು.

ಪಡುವಣ ಸಮುದ್ರದಲ್ಲಿ ಒಂದು ದ್ವೀಪವಿತ್ತು. ಮೀನು, ತೆಂಗು, ನಾರಿನ ಹಗ್ಗ, ಇಷ್ಟೇ ಅಲ್ಲಿಯ ಬದುಕು. ಜನರಿಗೆ ಒಂದು ಆಟವಿತ್ತು. ಆಳುದ್ದದ ಹಲಗೆಯ ಮೇಲೆ ಬೋರಲು ಮಲಗಿ, ಕೈಯಿಂದ ನೀರನ್ನು ತಳ್ಳುತ್ತಾ ಸಮುದ್ರದೊಳಕ್ಕೆ ಹೋಗುವರು. ಅಲೆ ಎದ್ದು ಬರುವುದನ್ನು ಕಾಯುವರು. ಅದು ಹತ್ತಿರವಾದಾಗ ಹಲಗೆಯನ್ನು ದಡದ ಕಡೆಗೆ ತಿರುಗಿಸಿ, ಅದರ ಮೇಲೆ ಎದ್ದು ನಿಂತು, ಅಲೆಯ ಇಳಿಜಾರಿನಲ್ಲಿ ಜಾರುತ್ತಾ ಬರುವರು. ಗಂಡಸರು, ಹೆಂಗಸರು, ಹಲ್ಲು ಬಿದ್ದ ಮುದುಕರು, ಎಲ್ಲರೂ ಈ ಆಟವನ್ನು ಆಡುತ್ತಿದ್ದರು.

ಹಲಗೆ ಮನೆಗೊಂದಿತ್ತು. ಆಟಕ್ಕೆ ತಕ್ಕ ಅಲೆ ಊರ ಮುಂದೆ ಒಂದೇ ಕಡೆ ಏಳುತ್ತಿತ್ತು. ಮೊದಲು ಎದ್ದು ನಿಂತವರದು ಅಲೆ, ಉಳಿದವರು ಹಿಂದೆ ಸರಿಯಬೇಕು ಎಂಬುದು ನಿಯಮ. ಮೊದಲು ನಿಂತದ್ದು ತಾವೇ ಎಂದು ಎಲ್ಲರೂ ಹೇಳುತ್ತಿದ್ದರು.

“ಸರಿಯೋ ಆಚೆ, ಇದು ನನ್ನ ಅಲೆ!”

“ನಿನ್ನದೇ? ನಿನ್ನ ಅಜ್ಜ ಸಮುದ್ರಕ್ಕೆ ಬೇಲಿ ಹಾಕಿಸಿ ಹೋಗಿದ್ದನೇನು ಮಾರಾಯ?”

ಹಲಗೆಗೆ ಹಲಗೆ ಬಡಿಯುತ್ತಿತ್ತು. ಬೈಗುಳ ದಡದವರೆಗೆ ಕೇಳಿಸುತ್ತಿತ್ತು. ಸಂಜೆಯಾದರೆ ಅದೇ ಜನ ಒಟ್ಟಿಗೆ ಕುಳಿತು ಗಂಜಿ ಕುಡಿಯುತ್ತಿದ್ದರು.

ಆ ಊರಿನಲ್ಲಿ ದೋಣಿ ಕಟ್ಟುವ ಬಡಗಿಯೊಬ್ಬನಿದ್ದ. ಅವನು ಕಟ್ಟಿದ ದೋಣಿಯೊಳಗೆ ಒಂದು ಹನಿ ನೀರು ಜಿನುಗಿದ್ದಿಲ್ಲ. ಹಲಗೆಯ ಮೇಲೆ ಅವನಷ್ಟು ಚೆನ್ನಾಗಿ ನಿಲ್ಲಬಲ್ಲವರು ಆ ದ್ವೀಪದಲ್ಲಿ ಇರಲಿಲ್ಲ. ಇದು ಊರಿಗೆ ಗೊತ್ತಿತ್ತು. ಅವನಿಗೆ ಊರಿಗಿಂತ ಚೆನ್ನಾಗಿ ಗೊತ್ತಿತ್ತು. ಕೈಲಾಗದವರ ಗುಂಪಿನಲ್ಲಿ ನೂಕಾಡುವುದು ಅವನಿಗೆ ಹಿಡಿಸುತ್ತಿರಲಿಲ್ಲ.

ಒಂದು ದಿನ ಅವನು ತೇಲಿ ಹೋದ ಮರದ ದಿಮ್ಮಿಯೊಂದನ್ನು ಹುಡುಕುತ್ತಾ ದ್ವೀಪದ ತೆಂಕಣ ತುದಿಗೆ ಹೋದ. ಆ ಕಡೆಗೆ ಯಾರೂ ಹೋಗುತ್ತಿರಲಿಲ್ಲ. ದಡದಿಂದ ದೂರದಲ್ಲಿ, ನೀರಿನ ಅಡಿಯಲ್ಲಿ, ಹವಳದ ದಿಬ್ಬವೊಂದು ಅಡ್ಡಕ್ಕೆ ಹಬ್ಬಿತ್ತು. ದೋಣಿಯ ತಳವನ್ನು ಸೀಳುವ ಜಾಗವೆಂದು ಮೀನುಗಾರರು ಅದನ್ನು ದೂರದಿಂದಲೇ ಸುತ್ತಿಹೋಗುತ್ತಿದ್ದರು.

ಬಡಗಿ ಅಲ್ಲಿಯ ಅಲೆಯನ್ನು ಕಂಡ. ಅದು ಊರ ಮುಂದಿನ ಅಲೆಯಂತೆ ಒಮ್ಮೆಲೇ ಕುಸಿಯುತ್ತಿರಲಿಲ್ಲ. ದಿಬ್ಬದ ಒಂದು ತುದಿಯಲ್ಲಿ ಮಗುಚತೊಡಗಿ, ಚಾಪೆ ಸುತ್ತಿದ ಹಾಗೆ, ಇನ್ನೊಂದು ತುದಿಯವರೆಗೆ ಸುತ್ತಿಕೊಳ್ಳುತ್ತಾ ಹೋಗುತ್ತಿತ್ತು. ಕೊನೆಯಲ್ಲಿ ಆಳವಾದ ಕಾಲುವೆ. ಅಲ್ಲಿ ದೋಣಿ ನಿಲ್ಲಬಹುದಾಗಿತ್ತು. ಒಂದು ಅಲೆಯ ಹಿಂದೆ ಇನ್ನೊಂದು ಬರುತ್ತಿತ್ತು. ಏರುವವರು ಯಾರೂ ಇರಲಿಲ್ಲ.

ಅವನು ದಿಮ್ಮಿಯನ್ನು ಮರೆತು ಸಂಜೆಯವರೆಗೆ ಅಲ್ಲೇ ಕುಳಿತು ನೋಡಿದ.

ಅವನಿಗೆ ಒಂದು ತೊಡಕಿತ್ತು. ಆ ದಿಬ್ಬದ ಮೇಲೆ ನೀರು ಸೊಂಟದಷ್ಟೇ ಇತ್ತು. ಬಿದ್ದರೆ ಹವಳ ಕತ್ತಿಯಂತೆ ಕೊಯ್ಯುತ್ತದೆ. ಅಂಥ ಕಡೆ ಒಬ್ಬನೇ ಅಲೆ ಏರುವುದು ಹುಚ್ಚುತನ. ದೋಣಿ ಹಿಡಿದುಕೊಂಡು ಕಾಲುವೆಯಲ್ಲಿ ಕಾಯುವುದಕ್ಕೆ ಇನ್ನೊಬ್ಬ ಬೇಕಾಗಿತ್ತು.

ಬಡಗಿ ಬಹಳ ಯೋಚಿಸಿ ಒಬ್ಬ ಬಲೆಗಾರನನ್ನು ಆರಿಸಿಕೊಂಡ. ಮೂವತ್ತು ದಾಟಿದ ಗಂಡಸು. ಬಲೆ ಹೆಣೆಯುವುದು ಅವನ ಕಸುಬು. ಮಾತು ಕಡಿಮೆ. ಊರ ದಡದಲ್ಲಿ ಅವನಿಗೆ ಒಂದು ಅಲೆಯೂ ದಕ್ಕುತ್ತಿರಲಿಲ್ಲ. ಯಾರು ಕೂಗಿದರೂ ಹಿಂದೆ ಸರಿದುಬಿಡುತ್ತಿದ್ದ. “ನಮ್ಮ ಬಲೆಗಾರ ಹಲಗೆ ತರುವುದು ಕುಳಿತುಕೊಳ್ಳುವುದಕ್ಕೆ. ಪಾಪ, ಮನೆಯಲ್ಲಿ ಮಣೆ ಇಲ್ಲ,” ಎಂದು ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ಮನೆಗೆ ಹೋಗಿ ಊಟ ಬಿಡುತ್ತಿದ್ದ.

ಮೊದಲ ದಿನ ಕಾಲುವೆಗೆ ಬಂದಾಗ ಬಡಗಿ ದೋಣಿಯನ್ನು ನಿಲ್ಲಿಸಿದ.

“ಬೊಗಸೆ ಒಡ್ಡು,” ಎಂದ.

ಬಲೆಗಾರ ಒಡ್ಡಿದ. ಬಡಗಿ ಆ ಬೊಗಸೆಗೆ ಸಮುದ್ರದ ನೀರನ್ನು ಹೊಯ್ದ. ಉಪ್ಪುನೀರು ಹಿಡಿದು ಕೊಟ್ಟ ಮಾತೆಂದರೆ ಆ ದ್ವೀಪದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

“ಈ ಜಾಗ ನಮ್ಮಿಬ್ಬರಿಗೆ. ಮೂರನೆಯವರಿಗೆ ತಿಳಿಯಬಾರದು.”

“ಅತ್ತಿಗೆಗೂ ಹೇಳಬಾರದೇ ಅಣ್ಣ?”

“ಅವಳಿಗೆ ತಿಳಿದರೆ ಬಾವಿಕಟ್ಟೆಗೆ ತಿಳಿಯಿತು. ಬಾವಿಕಟ್ಟೆಗೆ ತಿಳಿದರೆ ನಾಳೆ ಇಲ್ಲಿ ನಲವತ್ತು ಹಲಗೆ.”

ಬಲೆಗಾರ ಬೊಗಸೆಯ ನೀರನ್ನು ಕುಡಿದು ಮಾತು ಕೊಟ್ಟ.

ಆ ಮೇಲೆ ಅವರು ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗತೊಡಗಿದರು. ಒಬ್ಬ ಅಲೆ ಏರಿದರೆ ಒಬ್ಬ ದೋಣಿ ಕಾಯುವುದು. ಸರದಿ ಎಂದು ಹೇಳಿಕೊಂಡರು. ಆದರೆ ಜಾಗ ಕಂಡುಹಿಡಿದವನು ಬಡಗಿ. ಒಳ್ಳೆಯ ಅಲೆಗಳೆಲ್ಲ ಅವನ ಸರದಿಗೇ ಬರುತ್ತಿದ್ದವು. ಉಬ್ಬರ ಏರಿ ಅಲೆ ಮೊಂಡಾದ ಮೇಲೆ, “ಈಗ ನೀನು ಹೋಗು ತಮ್ಮ,” ಎನ್ನುತ್ತಿದ್ದ. ಬಲೆಗಾರ ಅಷ್ಟಕ್ಕೇ ಕೃತಜ್ಞನಾಗಿದ್ದ. ತನಗೆ ಯಾರೂ ಹಿಂದೆ ಸರಿ ಎನ್ನದ ಅಲೆಯ ಮೇಲೆ ಅವನು ಮೊದಲ ಸಲ ನೆಟ್ಟಗೆ ನಿಂತದ್ದು ಅಲ್ಲಿ. ಕೃತಜ್ಞತೆ ಬಹಳ ಕಾಲ ಹಾಗೆಯೇ ಉಳಿಯುವುದಿಲ್ಲ. ಎರಡನೆಯ ವರ್ಷದಲ್ಲಿ ಅವನು ದೋಣಿಯಲ್ಲಿ ಕುಳಿತು, ಬಡಗಿ ಇಲ್ಲದಿದ್ದರೆ ಈ ಅಲೆ ತನ್ನ ಪಾಲಿಗೆ ಬರುತ್ತಿತ್ತು ಎಂದು ಯೋಚಿಸುವುದನ್ನು ಕಲಿತಿದ್ದ. ಅದು ಬರಿಯ ಯೋಚನೆ. ಅದರಲ್ಲಿ ದ್ವೇಷವಿರಲಿಲ್ಲ.

ಒಮ್ಮೆ ಅವನು, “ಅಣ್ಣ, ಈ ಜಾಗಕ್ಕೆ ಒಂದು ಹೆಸರಿಡೋಣ. ಚಾಪೆದಿಬ್ಬ ಎನ್ನೋಣವೇ?” ಎಂದ.

ಬಡಗಿಗೆ ಸಿಟ್ಟು ಬಂತು. “ಹೆಸರಿಟ್ಟರೆ ಅದು ಬಾಯಿಗೆ ಬರುತ್ತದೆ. ಬಾಯಿಗೆ ಬಂದದ್ದು ಊರಿಗೆ ಹೋಗುತ್ತದೆ. ಈ ಜಾಗಕ್ಕೆ ಹೆಸರಿಲ್ಲ.”

ಬಡಗಿಯ ಹೆಂಡತಿಗೆ ಅನುಮಾನವಿತ್ತು.

“ಅಷ್ಟು ಹೊತ್ತು ಎಲ್ಲಿರುತ್ತೀರಿ? ಸಮುದ್ರದಲ್ಲಿ ಇನ್ನೊಂದು ಸಂಸಾರ ಹೂಡಿದ್ದೀರೋ ಹೇಗೆ?”

“ಹೂಡಿದ್ದರೆ ಅಲ್ಲೇ ಉಂಡು ಬರುತ್ತಿದ್ದೆ. ಹೀಗೆ ಹಸಿದು ಬರುತ್ತಿದ್ದೆನೇ? ಬಡಿಸು.”

ಅವಳು ನಗುತ್ತಾ ಬಡಿಸುತ್ತಿದ್ದಳು. ಅವನು ಎಲ್ಲಿಗೆ ಹೋಗುತ್ತಾನೆಂದು ಅವಳಿಗೆ ತಿಳಿಯಲೇ ಇಲ್ಲ.

ಈಗ ಆ ದ್ವೀಪದ ಒಂದು ಕಟ್ಟಳೆಯನ್ನು ಹೇಳಬೇಕು. ದ್ವೀಪದ ಸುತ್ತಲಿನ ಪ್ರತಿಯೊಂದು ಬಂಡೆಗೂ, ಕೊಲ್ಲಿಗೂ, ಸುಳಿಗೂ ಒಂದು ಹೆಸರಿತ್ತು. ಸಮುದ್ರದಲ್ಲಿ ಯಾರಾದರೂ ಅಪಾಯಕ್ಕೆ ಸಿಕ್ಕಿದರೆ ದಡದ ಹಿರಿಯನು ಶಂಖ ಊದುತ್ತಿದ್ದ. ಶಂಖ ಕೇಳಿದವರು ಒಲೆಯ ಮೇಲಿನ ಗಂಜಿಯನ್ನೂ ಬಿಟ್ಟು ಓಡಿಬರಬೇಕು. ಸುದ್ದಿ ತಂದವನು ಒಂದು ಹೆಸರನ್ನು ಹೇಳಬೇಕು. ಹೆಸರು ಕೇಳಿದ್ದೇ ದೋಣಿಗಳು ಹೊರಡಬೇಕು. ಸುದ್ದಿ ತಂದವನನ್ನು ಯಾರೂ ಮರುಪ್ರಶ್ನೆ ಕೇಳಬಾರದು, ಅವನಿಗಾಗಿ ಕಾಯಲೂಬಾರದು. ಕೇಳುತ್ತಾ ನಿಂತ ಹೊತ್ತಿನಲ್ಲಿ ಒಬ್ಬ ಮುಳುಗುತ್ತಾನೆ ಎಂದು ಅವರು ಹೇಳುತ್ತಿದ್ದರು. ಈ ಕಟ್ಟಳೆಯಿಂದ ಎಷ್ಟೋ ಜನ ಬದುಕಿದ್ದರು.

ಒಂದು ಬೆಳಿಗ್ಗೆ ಅಲೆ ದೊಡ್ಡದಿತ್ತು. ಇಳಿತ ಮುಗಿದು ಉಬ್ಬರ ಆಗಷ್ಟೇ ತೊಡಗಿತ್ತು. ಬಡಗಿ ಒಂದು ಅಲೆಯ ಮೇಲಿಂದ ಬಿದ್ದ. ಅವನ ಬಲಗಾಲು ದಿಬ್ಬದ ಒಂದು ಬಿರುಕಿನೊಳಗೆ ಇಳಿಯಿತು. ಹಿಂದಿನಿಂದ ಬಂದ ಅಲೆ ಸತ್ತ ಹವಳದ ಗುಂಡೊಂದನ್ನು ಉರುಳಿಸಿ ಆ ಬಿರುಕಿನ ಬಾಯಿಗೆ ಕೂರಿಸಿತು. ಕಾಲು ಮೊಣಕಾಲಿನವರೆಗೆ ಒಳಗೆ ಸಿಕ್ಕಿಕೊಂಡಿತು.

ಬಲೆಗಾರ ದೋಣಿಗೆ ಲಂಗರು ಹಾಕಿ ಈಜಿ ಬಂದ. ಇಬ್ಬರೂ ಸೇರಿ ಎಳೆದರು, ನೂಕಿದರು. ಗುಂಡು ಅಲುಗಲಿಲ್ಲ. ಬಲೆಗಾರನ ಅಂಗೈಯಿಂದ ರಕ್ತ ಸುರಿಯಿತು. ನೀರು ಬಡಗಿಯ ಸೊಂಟದ ಮಟ್ಟಕ್ಕಿತ್ತು.

“ಹಾರೆ ಬೇಕು,” ಎಂದ ಬಲೆಗಾರ.

“ನನ್ನ ಚಪ್ಪರದಲ್ಲಿದೆ. ಓಡು.”

ಬಲೆಗಾರ ದೋಣಿ ಹತ್ತಿ ಊರಿನ ಕಡೆಗೆ ಹುಟ್ಟು ಹಾಕಿದ. ಕೈಯ ಗಾಯಕ್ಕೆ ಉಪ್ಪುನೀರು ತಾಗಿದರೂ ಒಂದು ಗಳಿಗೆಯೂ ನಿಲ್ಲಲಿಲ್ಲ. ಬಡಗಿಯನ್ನು ಉಳಿಸಬೇಕೆಂದೇ ಅವನು ಹೋದ. ಇದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಅವನ ಮನಸ್ಸಿನಲ್ಲಿ ಕೊಲೆ ಇರಲಿಲ್ಲ.

ದೋಣಿ ಕಟ್ಟುವ ಚಪ್ಪರ ಊರಿನ ಕೊನೆಯಲ್ಲಿತ್ತು. ಯಾರ ಕಣ್ಣಿಗೂ ಬೀಳದೆ ಹಾರೆ ತೆಗೆದುಕೊಂಡು ಹೋಗಬಹುದು ಎಂದುಕೊಂಡಿದ್ದ. ಬಡಗಿಯ ಹೆಂಡತಿ ಅಲ್ಲಿ ಚಕ್ಕೆ ಆಯುತ್ತಿದ್ದಳು. ಅವನ ಕೈಯ ರಕ್ತವನ್ನು ನೋಡಿದಳು. ಅವನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು. ಆಯ್ದ ಚಕ್ಕೆಯನ್ನು ಅಲ್ಲೇ ಸುರಿದು ದಡದ ಹಿರಿಯನ ಮನೆಗೆ ಓಡಿದಳು. ಬಲೆಗಾರ ಹಾರೆ ಹುಡುಕಿ ಹೊರಗೆ ಬರುವಷ್ಟರಲ್ಲಿ ಶಂಖ ಕೂಗಿತು. ಊರು ದಡಕ್ಕೆ ಬಂದು ನಿಂತಿತು.

“ಎಲ್ಲಿ?” ಎಂದು ಹಿರಿಯ ಕೇಳಿದ.

ಬಲೆಗಾರ ಹಾರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ಎಲ್ಲಿ ಹೇಳು ತಮ್ಮ!” ಎಂದು ಬಡಗಿಯ ಹೆಂಡತಿ ಅವನ ತೋಳು ಹಿಡಿದು ಅಲುಗಿಸಿದಳು.

ಆ ಜಾಗಕ್ಕೆ ಹೆಸರಿರಲಿಲ್ಲ. ಆದರೆ ಅವನಿಗೆ ಬೆರಳಿತ್ತು. ತೆಂಕಣಕ್ಕೆ ಬೆರಳು ತೋರಿಸಿದ್ದರೆ ಸಾಕಾಗಿತ್ತು. ಅವನು ದಡದಲ್ಲಿ ನಿಂತ ಮುಖಗಳನ್ನು ನೋಡಿದ. ಹಲಗೆಗಳ ಮೇಲೆ ಅವನನ್ನು ಹಿಂದಕ್ಕೆ ಸರಿಸುತ್ತಿದ್ದ ಮುಖಗಳೇ ಅವು. ಹಾರೆ ಕೈಯಲ್ಲಿದೆ, ಉಬ್ಬರ ಏರಲು ಇನ್ನೂ ಹೊತ್ತಿದೆ, ಗುಂಡನ್ನು ಮೀಟುವುದಕ್ಕೆ ತಾನೊಬ್ಬನೇ ಸಾಕು, ಬಡಗಿಯೂ ಉಳಿಯುತ್ತಾನೆ, ಜಾಗವೂ ಉಳಿಯುತ್ತದೆ ಎಂದುಕೊಂಡ.

“ಕಾಗೆಬಂಡೆ,” ಎಂದ.

ಕಾಗೆಬಂಡೆ ದ್ವೀಪದ ಬಡಗಣ ತುದಿಯಲ್ಲಿತ್ತು. ಆರು ದೋಣಿ, ಇಪ್ಪತ್ತೆರಡು ಜನ, ಹಗ್ಗ, ಹಾರೆ, ಎಲ್ಲವೂ ಬಡಗಣಕ್ಕೆ ಹೋದವು. ಉಳಿದವರು ದಡದ ಮೇಲೆ ಅದೇ ದಿಕ್ಕಿಗೆ ಓಡಿದರು. ಬಲೆಗಾರ ಒಬ್ಬನೇ ತೆಂಕಣಕ್ಕೆ ಹೋದ. ಅವನ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಅದೂ ಕಟ್ಟಳೆಯೇ.

“ಗುರುಗಳೇ,” ಎಂದು ಶಿಷ್ಯ ಬಾಯಿ ತೆರೆದ.

“ನಡುವೆ ಬಾಯಿ ಹಾಕಬೇಡ ಎಂದಿದ್ದೆ,” ಎಂದು ಹೇಳಿ ಗುರುಗಳು ಮುಂದುವರಿಸಿದರು.

ಬಲೆಗಾರ ದಿಬ್ಬಕ್ಕೆ ಬಂದಾಗ ನೀರು ಬಡಗಿಯ ಕೊರಳಿಗೆ ಬಂದಿತ್ತು. ಬಡಗಿ ದೋಣಿಯನ್ನು ನೋಡಿದ. ದೋಣಿಯ ಹಿಂದಿನ ನೀರನ್ನು ನೋಡಿದ. ಆಮೇಲೆ ಬಲೆಗಾರನ ಮುಖವನ್ನು ಬಹಳ ಹೊತ್ತು ನೋಡಿದ. ಏನೂ ಹೇಳಲಿಲ್ಲ.

ಅದು ಇಬ್ಬರಿಂದಲೋ ಮೂವರಿಂದಲೋ ಆಗುವ ಕೆಲಸ. ಬಡಗಿಯ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯಲು ಒಬ್ಬ ಬೇಕು. ನೀರಿನಡಿ ಮುಳುಗಿ ಗುಂಡನ್ನು ಮೀಟಲು ಒಬ್ಬ ಬೇಕು. ಹಾರೆಗೆ ಎರಡೂ ಕೈ ಬೇಕು. ಬಲೆಗಾರ ತಲೆ ಹಿಡಿದರೆ ಹಾರೆ ನಿಲ್ಲುತ್ತಿತ್ತು. ಹಾರೆ ಹಿಡಿದರೆ ಅಲೆ ಬಂದು ಬಡಗಿಯ ಮುಖವನ್ನು ಮುಚ್ಚುತ್ತಿತ್ತು. ಅವನು ಮುಳುಗಿದ, ಮೀಟಿದ, ಎದ್ದು ಬಂದು ತಲೆ ಎತ್ತಿ ಹಿಡಿದ, ಮತ್ತೆ ಮುಳುಗಿದ. ಎಷ್ಟು ಸಲ ಹೀಗೆ ಮಾಡಿದನೋ ಅವನಿಗೇ ತಿಳಿಯದು. ಕೊನೆಯ ಸಲ ಎದ್ದು ಬಂದಾಗ ಹಿಡಿಯುವುದಕ್ಕೆ ತಲೆ ನೀರಿನ ಮೇಲೆ ಇರಲಿಲ್ಲ.

ಅವನು ಅಲ್ಲೇ ಅತ್ತ. ನಿಜವಾಗಿಯೂ ಅತ್ತ. ಆಮೇಲೆ ಯೋಚಿಸಿದ.

ಯೋಚಿಸಿದ ಮೇಲೆ ಅವನು ಕಾಗೆಬಂಡೆಗೆ ಹೋಗಿ ಊರವರನ್ನು ಕೂಡಿಕೊಂಡ. ಹಾರೆ ಹಿಡಿದು ಬರುವಾಗ ದೋಣಿ ಸೆಳೆತಕ್ಕೆ ಸಿಕ್ಕಿ ತಡವಾಯಿತು ಎಂದ. ಬಡಗಿ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ, ಈಗ ನೀರು ಎಳೆದುಕೊಂಡು ಹೋಗಿರಬೇಕು ಎಂದ. ಯಾರೂ ಅನುಮಾನಪಡಲಿಲ್ಲ. ಸಂಜೆಯವರೆಗೆ ಎಲ್ಲರೂ ನೀರಿಗೆ ಮುಳುಗಿ ಹುಡುಕಿದರು. ಏನೂ ಇಲ್ಲವೆಂದು ಗೊತ್ತಿದ್ದ ನೀರಿನಲ್ಲಿ ಬಲೆಗಾರನೂ ಮುಳುಗಿ ಹುಡುಕಿದ. ಚಿಪ್ಪು ತೆಗೆಯುವ ಒಬ್ಬ ಮುಳುಗುಗಾರನಿದ್ದ. ಅವನು ಬಡಗಿಯ ಬಾಲ್ಯದ ಗೆಳೆಯ. ಬೇಡವೆಂದರೂ ಕೇಳದೆ ಬಂಡೆಯ ಬುಡದವರೆಗೆ ಇಳಿದ. ಮೇಲೆ ಬಂದಾಗ ಅವನ ಕಿವಿಯಿಂದ ರಕ್ತ ಬರುತ್ತಿತ್ತು. ಆ ಕಿವಿಗೆ ಮತ್ತೆ ಏನೂ ಕೇಳಿಸಲಿಲ್ಲ.

ಮರುದಿನ ಇಳಿತದ ಹೊತ್ತಿಗೆ ಬಲೆಗಾರ ಹುಡುಕುವವರ ನಡುವಿನಿಂದ ತಪ್ಪಿಸಿಕೊಂಡು ತೆಂಕಣಕ್ಕೆ ಹೋದ. ಈಗ ತಲೆ ಹಿಡಿಯುವ ಕೆಲಸವಿರಲಿಲ್ಲ. ಎರಡೂ ಕೈಗೆ ಹಾರೆ ಸಿಕ್ಕಿತು. ಗುಂಡು ನಾಲ್ಕನೆಯ ಮೀಟಿಗೆ ಉರುಳಿತು. ಹೆಣವನ್ನು ದೋಣಿಗೆ ಹಾಕಿ, ಮೇಲೆ ಬಲೆ ಮುಚ್ಚಿ, ದ್ವೀಪವನ್ನು ಸುತ್ತಿ ಬಂದ. ಕಾಗೆಬಂಡೆಯ ಆಚೆ ತೇಲುತ್ತಿತ್ತು ಎಂದ. ಊರು ಅವನನ್ನು ಹೊಗಳಿತು. ಎಲ್ಲರೂ ಕೈಚೆಲ್ಲಿದ ಮೇಲೂ ಹುಡುಕಿದವನು ಅವನೊಬ್ಬನೇ ಎಂದಿತು.

ಹದಿನೈದು ದಿನ ಅವನು ದಿಬ್ಬದ ಕಡೆಗೆ ಹೋಗಲಿಲ್ಲ. ಹದಿನಾರನೆಯ ದಿನ ಹೋದ. ದೋಣಿ ಕಾಯುವವರಿಲ್ಲದೆ ಹೋಗುವುದು ಹುಚ್ಚುತನವೆಂದು ತಿಳಿದೂ ಹೋದ. ಅಲೆ ಎಂದಿನಂತೆ ಚೆನ್ನಾಗಿತ್ತು. ಅವನು ಬೇಕಾದಷ್ಟು ಏರಿದ.

ಒಂದು ವರ್ಷ ಹೀಗೆ ನಡೆಯಿತು.

ಬಡಗಿಯ ವರ್ಷದ ತಿಥಿಯ ದಿನ ಅವನ ಹೆಂಡತಿ ಬಲೆಗಾರನನ್ನು ಊಟಕ್ಕೆ ಕರೆದಳು. ಗಂಡನ ಹಲಗೆಗೆ ಎಣ್ಣೆ ಸವರಿ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದ್ದಳು. ಪ್ರತಿ ದಿನವೂ ಅದನ್ನು ಒರೆಸುತ್ತಿದ್ದಳು. ಬಲೆಗಾರ ಕಾಲು ತೊಳೆಯಲು ಪಂಚೆ ಎತ್ತಿದ. ನೀರು ಹೊಯ್ಯುತ್ತಿದ್ದ ಅವಳ ಕೈ ನಿಂತಿತು.

“ತಮ್ಮ, ಕಾಲಿಗೆ ಏನಾಯಿತು?”

“ಬಂಡೆ ತರಚಿತು ಅತ್ತಿಗೆ. ಬಡಿಸಿ, ಹಸಿವಾಗಿದೆ.”

“ಬಂಡೆ ತರಚಿದ ಗಾಯ ಅಗಲವಾಗಿರುತ್ತದೆ. ಇದು ಬಾಚಣಿಗೆ ಎಳೆದ ಹಾಗಿದೆ. ಒಂದರ ಪಕ್ಕ ಒಂದು, ಅಂಚು ಬೆಳ್ಳಗೆ. ಹವಳ ಕೊಯ್ದದ್ದು.”

ಬಲೆಗಾರ ಪಂಚೆಯನ್ನು ಇಳಿಬಿಟ್ಟ.

“ಅವರ ಮೈ ತೊಳೆದವಳು ನಾನು,” ಎಂದಳು ಅವಳು. “ಅವರ ಕಾಲಿನಲ್ಲೂ ಇದೇ ಇತ್ತು. ನನ್ನ ಕಣ್ಣಿಗೆ ಮಂಜು ಕವಿದಿರಬೇಕು ಎಂದುಕೊಂಡು ಒಂದು ವರ್ಷ ಸುಮ್ಮನಿದ್ದೆ. ಕಾಗೆಬಂಡೆ ಕರಿಕಲ್ಲು. ಅಲ್ಲಿ ಹವಳ ಎಲ್ಲಿದೆ ತಮ್ಮ?”

ಬಲೆಗಾರ ಅಲ್ಲೇ ಕುಸಿದು ಕುಳಿತ. ಜಾಗದ ವಿಷಯ ಹೇಳಿದ. ಬೊಗಸೆಯ ಉಪ್ಪುನೀರಿನ ವಿಷಯ ಹೇಳಿದ. ಬಿರುಕು, ಗುಂಡು, ಹಾರೆ, ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

“ಕೊನೆಗೆ ಅವರು ಏನಾದರೂ ಹೇಳಿದರೇ? ನನ್ನ ವಿಷಯ ಏನಾದರೂ?”

“ಕೊಟ್ಟ ಮಾತು ಮರೆಯಬೇಡ, ಜಾಗ ಯಾರಿಗೂ ತಿಳಿಯಬಾರದು ಎಂದರು. ಬೇರೆ ಏನೂ ಹೇಳಲಿಲ್ಲ ಅತ್ತಿಗೆ.”

ಅವಳು ಎದ್ದು ಒಳಗೆ ಹೋದಳು. ಬಾಳೆಯೆಲೆಯ ಮೇಲೆ ಬಡಿಸಿದ್ದ ಅನ್ನವನ್ನು ಕಾಗೆಗಳಿಗೆ ಹಾಕಲಿಲ್ಲ, ಕೋಳಿಗಳಿಗೆ ಹಾಕಿದಳು. ಬಾಗಿಲ ಪಕ್ಕದಲ್ಲಿದ್ದ ಹಲಗೆಯನ್ನು ಎಳೆದುಕೊಂಡು ಹೋಗಿ ಬಚ್ಚಲಿನ ಕೆಸರಿನ ಮೇಲೆ ಕಾಲಿಡುವುದಕ್ಕೆ ಹಾಸಿದಳು. ಸಾಯುವವರೆಗೂ ಅದರ ಮೇಲೆ ನಿಂತು ಪಾತ್ರೆ ತೊಳೆದಳು. ಗಂಡನ ಹೆಸರನ್ನು ಯಾರಾದರೂ ಎತ್ತಿದರೆ, “ಅವರಿಗೆ ಸಂಸಾರ ಬೇರೆ ಕಡೆ ಇತ್ತು,” ಎನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ವಿಷಯ ಬಾವಿಕಟ್ಟೆಗೆ ಬಂತು. ಅಲ್ಲಿಂದ ದಡಕ್ಕೆ ಬಂತು. ಹಿರಿಯರು ಸೇರಿ ವಿಚಾರಣೆ ಮಾಡಿದರು. ಶಂಖದ ಎದುರು ಸುಳ್ಳು ಹೆಸರು ಹೇಳಿದವನನ್ನು ದ್ವೀಪದಿಂದ ಹೊರಗೆ ಹಾಕಬೇಕೆಂಬುದು ಕಟ್ಟಳೆ. ಮಾತು ತೆಗೆದುಕೊಂಡವನು ಬದುಕಿರುವಾಗ ಉಪ್ಪುನೀರಿನ ಮಾತನ್ನು ಮುರಿದವನನ್ನೂ ಹೊರಗೆ ಹಾಕಬೇಕೆಂಬುದು ಅದಕ್ಕಿಂತ ಹಳೆಯ ಕಟ್ಟಳೆ. ದಡದ ಹಿರಿಯ ಬಹಳ ಹೊತ್ತು ಯೋಚಿಸಿ ತೀರ್ಪು ಹೇಳಿದ:

“ಉಪ್ಪುನೀರಿನ ಮಾತಿನ ಮುಂದೆ ಶಂಖ ಸಣ್ಣದು. ಆ ಮಾತಿನಿಂದ ಇವನನ್ನು ಬಿಡಿಸಬಹುದಾಗಿದ್ದವನು ನೀರು ಹೊಯ್ದ ಬಡಗಿ ಒಬ್ಬನೇ. ಅವನು ಪ್ರಾಣ ಹೋಗುವಾಗಲೂ ಬಿಡಿಸಲಿಲ್ಲ. ಬಲೆಗಾರನದು ತಪ್ಪಿಲ್ಲ.”

“ಹಾಗಾದರೆ ನನ್ನ ಕಿವಿ ಹೋದದ್ದು ಯಾವ ನೀರಿನ ಮಾತಿಗೆ?” ಎಂದು ಮುಳುಗುಗಾರ ಕೂಗಿದ.

“ನಿನಗೆ ಸರಿಯಾಗಿ ಕೇಳಿಸಿಲ್ಲ ಮಾರಾಯ, ಕುಳಿತುಕೋ,” ಎಂದು ಯಾರೋ ಹೇಳಿದರು. ಜನ ನಕ್ಕರು.

ತಿಂಗಳೊಳಗೆ ತೆಂಕಣ ದಿಬ್ಬದಲ್ಲಿ ನಲವತ್ತು ಹಲಗೆಗಳು ತೇಲಿದವು. ಜನ ಆ ಜಾಗವನ್ನು ಜಿಪುಣನ ಅಲೆ ಎಂದು ಕರೆದರು. ಬಡಗಿ ಕಟ್ಟಿದ ದೋಣಿಗಳಲ್ಲೇ ಕುಳಿತು ಹಾಗೆ ಕರೆದರು. ಬಲೆಗಾರನಿಗೆ ಮಾತ್ರ ಯಾರೂ ಹಿಂದೆ ಸರಿ ಎನ್ನುತ್ತಿರಲಿಲ್ಲ. ಗುರುವಿನಂಥ ಗೆಳೆಯ ಸಾಯುವಾಗಲೂ ಕೊಟ್ಟ ಮಾತಿಗೆ ತಪ್ಪದವನು ಎಂದು ದಿನದ ಮೊದಲ ಅಲೆಯನ್ನು ಅವನಿಗೇ ಬಿಡುತ್ತಿದ್ದರು. ತಾಯಂದಿರು ತಮ್ಮ ಮಕ್ಕಳಿಗೆ, “ಮಾತು ಕೊಟ್ಟರೆ ಆ ಬಲೆಗಾರನ ಹಾಗೆ ಇರಬೇಕು,” ಎಂದು ಕಲಿಸಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮುಖ ಹಗುರವಾಗಿತ್ತು. ಅವನು ಹೇಳಿದ:

“ಗುರುಗಳೇ, ತೀರ್ಪು ಕಠಿಣವಾದರೂ ಸರಿಯಾಗಿದೆ. ತಪ್ಪು ಮಾತು ತೆಗೆದುಕೊಂಡವನದೇ. ಬಲೆಗಾರನ ಕೈ ಕಟ್ಟಿಹೋಗಿತ್ತು. ಅವನು ಬೇರೆ ಏನು ಮಾಡಬಹುದಾಗಿತ್ತು?”

“ಬಡಗಿಯ ಹೆಂಡತಿಯೂ ಹಾಗೆಯೇ ನಂಬಿ ತೀರಿಕೊಂಡಳು,” ಎಂದರು ಗುರುಗಳು. “ಅವಳು ಹೋಗಿ ಎಷ್ಟೋ ವರ್ಷಗಳ ಮೇಲೆ, ಹಾಸಿಗೆ ಹಿಡಿದ ಬಲೆಗಾರ ತಾನು ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯನ್ನು ಹೇಳಿ ಸತ್ತ.”

“ಯಾವ ಸಂಗತಿ?”

“ಹಾರೆ ತರಲು ಅವನು ದೋಣಿ ತಿರುಗಿಸಿದಾಗ ಬಡಗಿ ಹಿಂದಿನಿಂದ ಕೂಗಿದ್ದನಂತೆ: ‘ಜಾಗ ಹೋದರೆ ಹೋಗಲಿ ತಮ್ಮ, ಊರನ್ನೆಲ್ಲ ಕರೆದುಕೊಂಡು ಬಾ.’”